ಮೊದಲ ಕಿಟಕಿ

ನಾನು ಒಂದು ಸರ್ವರ್. ಕಂಪ್ಯೂಟರೇ, ಆದರೆ ಮೇಜಿನ ಮೇಲೆ ಕೂರುವ ಜಾತಿಯದಲ್ಲ. ಒಳಕೋಣೆಯಲ್ಲಿ ಕಬ್ಬಿಣದ ಚೌಕಟ್ಟಿನೊಳಗೆ ಮಲಗಿಕೊಂಡು, ಹೊರಗೆ ಕೂತ ಹತ್ತಾರು ಕಂಪ್ಯೂಟರುಗಳು ಕೇಳಿದ್ದಕ್ಕೆ ಉತ್ತರ ಕೊಡುವುದು ನನ್ನ ಕೆಲಸ. ನನ್ನ ಮುಖ ನೋಡಲೆಂದು ಯಾರೂ ಬರುವುದಿಲ್ಲ. ಬಂದರೆ ಏನೋ ಕೆಟ್ಟಿದೆ ಎಂದೇ ಅರ್ಥ.

ಹುಟ್ಟಿದ ಕಾರ್ಖಾನೆಯ ನೆನಪು ಕಡಿಮೆ. ಬಿಳಿ ಬೆಳಕು, ಕೈಗವಸು ತೊಟ್ಟ ಬೆರಳುಗಳು, ತಗಡಿನ ಅಂಚು ಉಜ್ಜುವ ಸದ್ದು. ಫ್ಯಾನು ಮೊದಲ ಸಲ ತಿರುಗಿದಾಗ ಯಾರೋ ತಲೆಯಾಡಿಸಿ ನನ್ನ ಬೆನ್ನಿಗೆ ಒಂದು ಚೀಟಿ ಅಂಟಿಸಿದರು. ಆಮೇಲೆ ಪೆಟ್ಟಿಗೆ, ಕತ್ತಲೆ, ಲಾರಿ.

ಮೊದಲು ನಾನಿದ್ದದ್ದು ನಗರದ ಒಂದು ವಿಮಾ ಕಚೇರಿಯಲ್ಲಿ. ತಣ್ಣನೆಯ ಕೋಣೆ. ಅಲ್ಲಿ ಒಂದು ಪಾಠ ಕಲಿತೆ. ಯಾರಾದರೂ ಕೆಲಸ ಬಿಟ್ಟರೆ, ಅವರು ಮೆಟ್ಟಿಲಿಳಿದು ಬೀದಿ ಸೇರುವ ಮೊದಲೇ ನನ್ನೊಳಗಿನ ಅವರ ಹೆಸರನ್ನು ಅಳಿಸಿಬಿಡುತ್ತಿದ್ದರು. ವಿದಾಯದ ಕೇಕು ಹೊರಗೆ ಇನ್ನೂ ಮುಗಿದಿರುತ್ತಿರಲಿಲ್ಲ. ಮನುಷ್ಯರು ಹೋಗುವುದೆಂದರೆ ಹೀಗೆ ಎಂದುಕೊಂಡೆ. ಕೆಲವು ವರ್ಷಗಳ ಮೇಲೆ ನನಗಿಂತ ಚುರುಕಿನ ಯಂತ್ರ ಬಂತು. ನನ್ನೊಳಗಿದ್ದ ಕಚೇರಿಯ ಲೆಕ್ಕವನ್ನೆಲ್ಲ ಒರೆಸಿ, ಹಳೆ ಸಾಮಾನಿನ ಜೊತೆ ಮಾರಿದರು.

ಎರಡನೆಯ ಮನೆ ಬಯಲುಸೀಮೆಯ ಒಂದು ಊರಿನ ರೇಷ್ಮೆ ಗೂಡಿನ ಮಾರುಕಟ್ಟೆ. ಅಲ್ಲಿ ನನ್ನನ್ನು ಪೆಟ್ಟಿಗೆಯಿಂದ ಎತ್ತಿ, ಅಂಗಿಯ ತೋಳಿನಿಂದಲೇ ಧೂಳು ಒರೆಸಿದವನು ಚಲಪತಿ. ಆ ಮಾರುಕಟ್ಟೆಯ ಕಂಪ್ಯೂಟರುಗಳನ್ನೆಲ್ಲ ನೋಡಿಕೊಳ್ಳುವವನು ಅವನೊಬ್ಬನೇ. ನನಗೆ 'ರೇಷ್ಮೆ-ಒಂದು' ಎಂದು ಹೆಸರಿಟ್ಟ. ಎರಡು ಎಂದೂ ಬರಲಿಲ್ಲ.

ಗೋಡೆಯ ಆಚೆ ಹರಾಜಿನ ಅಂಗಳ. ಬೆಳಿಗ್ಗೆ ರೈತರು ಗೂಡುಗಳನ್ನು ಚೀಲಗಳಲ್ಲಿ ತಂದು ಜಾಲರಿಗಳಲ್ಲಿ ಹರವುತ್ತಿದ್ದರು. ನೂಲು ಬಿಚ್ಚುವ ರೀಲರುಗಳು ಗೂಡನ್ನು ಹಿಡಿಯಲ್ಲಿ ಅಲ್ಲಾಡಿಸಿ, ಕಿವಿಯ ಹತ್ತಿರ ಹಿಡಿದು, ಗೂಡಂಗಡಿಯಷ್ಟೇ ಅಗಲದ ಕಟ್ಟೆಗಳಲ್ಲಿ ಕೂತು ಕಂಪ್ಯೂಟರಿನಲ್ಲಿ ದರ ಹಾಕುತ್ತಿದ್ದರು. ಒಬ್ಬರ ದರ ಇನ್ನೊಬ್ಬರಿಗೆ ಕಾಣುತ್ತಿರಲಿಲ್ಲ. ಅದನ್ನು ಕಾಣದಂತೆ ಕಾಯುವವನು ನಾನು. ಗೂಡು ತಡೆದುಕೊಳ್ಳುವ ಸರಕಲ್ಲ. ಒಳಗಿನ ಹುಳು ಚಿಟ್ಟೆಯಾಗಿ ತೂತು ಮಾಡಿಕೊಂಡು ಹೊರಬಿದ್ದರೆ ಎಳೆ ತುಂಡಾಗುತ್ತದೆ. ಆ ಗೂಡು ಯಾರಿಗೂ ಬೇಡ.

ನನ್ನ ಬಾಗಿಲ ವಿಷಯವನ್ನು ಇಲ್ಲೇ ಹೇಳಿಬಿಡುತ್ತೇನೆ. ಒಳಗೆ ಬರುವವರು ಹೆಸರು ಮತ್ತು ಪಾಸ್‌ವರ್ಡ್ ಕೊಡಬೇಕು. ಕೇಳಲು ಕಾವಲುಗಾರರ ಒಂದು ಸಾಲು ನಿಂತಿರುತ್ತದೆ. ಒಬ್ಬ ತಪ್ಪುಗಳನ್ನು ಎಣಿಸುತ್ತಾನೆ. ಮೂರು ಸಲ ತಪ್ಪಿದರೆ ಆ ಹೆಸರಿಗೆ ಬಾಗಿಲು ಹಾಕುತ್ತಾನೆ. ನಡುವಿನವನು ಪಾಸ್‌ವರ್ಡ್ ನೋಡಿ, ಸರಿಯಿದ್ದರೆ 'ಇಷ್ಟು ಸಾಕು, ಒಳಗೆ ಹೋಗು' ಎಂದು ದಾಟಿಸುತ್ತಾನೆ. ಸಾಲಿನ ಕೊನೆಯವನು ಯಾರ ಮಾತೂ ಕೇಳುವುದಿಲ್ಲ. 'ಇಲ್ಲ' ಎನ್ನುವುದೊಂದೇ ಅವನಿಗೆ ಗೊತ್ತು. ಇವರು ಯಾವ ಕ್ರಮದಲ್ಲಿ ನಿಲ್ಲಬೇಕೆಂದು ನನ್ನೊಳಗೆ ಒಂದು ಸಣ್ಣ ಕಡತದಲ್ಲಿ ಬರೆದಿರುತ್ತದೆ. ಒಂದು ಸಾಲು ಹಿಂದುಮುಂದಾದರೆ ಕಳ್ಳನೂ ಒಳಗೆ ಬಂದಾನು, ಯಜಮಾನನೂ ಹೊರಗೆ ಉಳಿದಾನು.

ಪಾಸ್‌ವರ್ಡ್ ನನಗೇ ಗೊತ್ತಿರುತ್ತದೆ ಎಂದು ಜನ ತಿಳಿದಿದ್ದಾರೆ. ಇಲ್ಲ. ನನ್ನ ಬಳಿ ಇರುವುದು ಅದನ್ನು ಬೀಸಿದ ಹಿಟ್ಟು ಮಾತ್ರ. ನೀವು ಕೊಟ್ಟ ಕಾಳನ್ನು ಬೀಸಿ ನೋಡುತ್ತೇನೆ. ಅದೇ ಹಿಟ್ಟು ಬಂದರೆ ನೀವು ನೀವೇ. ಹಿಟ್ಟನ್ನು ಮತ್ತೆ ಕಾಳು ಮಾಡಲು ನನಗೆ ಬರುವುದಿಲ್ಲ.

ಕಾವಲುಗಾರರ ಆ ಕಡತವನ್ನು ಮುಟ್ಟುವಾಗ ಚಲಪತಿಗೆ ಒಂದು ಪದ್ಧತಿಯಿತ್ತು. ಮೊದಲು ಪರದೆಯ ಮೇಲಿನ ಒಂದು ಕಿಟಕಿಯಲ್ಲಿ ತನ್ನ ಹೆಸರಿನಿಂದ ಒಳಗೆ ಬಂದು, ಅಲ್ಲೇ ಎಲ್ಲವನ್ನೂ ಬದಲಿಸಬಲ್ಲ ಯಜಮಾನನ ಅಧಿಕಾರ ತೊಟ್ಟುಕೊಳ್ಳುತ್ತಿದ್ದ. ಪರೀಕ್ಷೆಗೆ ಇನ್ನೊಂದು ಕಿಟಕಿ. ಎರಡನೆಯದರಲ್ಲಿ ಹೊಸಬರಾಗಿ ಒಳಗೆ ಬರಲು ಆಗುವವರೆಗೆ ಮೊದಲನೆಯದನ್ನು ಮುಚ್ಚುವಂತಿಲ್ಲ; ಬರಲಾದ ಕೂಡಲೇ ಮುಚ್ಚಲೇಬೇಕು. ಆಗಲೇ ಒಳಗಿರುವವರನ್ನು ಕಾವಲುಗಾರರು ಏನೂ ಕೇಳುವುದಿಲ್ಲವಲ್ಲ.

ಮದುವೆಯಾದ ಹೊಸದರಲ್ಲಿ ಅವನ ಹೆಂಡತಿ ಸುಕನ್ಯಾ ಒಂದು ರಜೆಯ ದಿನ ಊಟ ತಂದಿದ್ದಳು. ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ವಿಜ್ಞಾನ ಓದುತ್ತಿದ್ದ ಹುಡುಗಿ. ಅವಳ ಅಭ್ಯಾಸಕ್ಕೆಂದು ನನ್ನಲ್ಲಿ ಅವಳ ಹೆಸರನ್ನೂ ಸೇರಿಸಿದ.

"ರೀ, ಈ ಮೊದಲ ಕಿಟಕಿ ಸುಮ್ಮನೆ ತೆರೆದಿದೆಯಲ್ಲ, ಮುಚ್ಚಲಾ?"

"ಅದಕ್ಕೆ ಕೈ ಹಾಕಬೇಡ ತಾಯಿ! ನಮ್ಮಪ್ಪ ಬಾವಿ ಹೂಳು ತೆಗೆಯೋಕೆ ಇಳಿಯೋವಾಗ ಏನ್ ಹೇಳ್ತಿದ್ದ ಗೊತ್ತಾ? ಮೇಲೆ ಒಬ್ಬ ಇರಬೇಕು. ಹಗ್ಗ ಹಿಡ್ಕೊಂಡು."

"ಅಂದ್ರೆ ನೀವು ಮೇಲೆ, ನಾನು ಬಾವೀಲಿ?"

"ಓದಿರೋಳು ನೀನು. ಇಳಿ."

ಅವಳು ನಕ್ಕಳು. ಬಾಯಿಗೆ ಸೆರಗು ಅಡ್ಡ ಹಿಡಿದು, ಹೊರಗಿನವರಿಗೆ ಕೇಳದಂತೆ. ಆಮೇಲೆ ಅವಳು ಕಾಲೇಜಿನಲ್ಲಿ ಮೇಷ್ಟರಾದಳು. ಈ ಕಡೆ ಬರಲಿಲ್ಲ.

ವರ್ಷಗಳು ಹೀಗೇ ಹೋದವು. ಬಾಗಿಲ ಬಗ್ಗೆ ಆ ಮಾರುಕಟ್ಟೆಯಲ್ಲಿ ಯಾರಿಗೂ ಭಯವಿರಲಿಲ್ಲ. ರೀಲರ್ ಫಯಾಜ್ ಪಾಷ ತನ್ನ ಪಾಸ್‌ವರ್ಡನ್ನು ಕಟ್ಟೆಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದ. ಒಂದು ದಿನ ಯಾರೋ ಅವನ ಹೆಸರಿನಲ್ಲಿ ಒಳಗೆ ಬಂದು, ಚೌಡಮ್ಮ ಎಂಬ ರೈತ ಹೆಂಗಸಿನ ಗೂಡಿಗೆ ದೊಡ್ಡ ದರ ಹಾಕಿಬಿಟ್ಟರು. ಪಾಷ ನನ್ನದಲ್ಲ ಎಂದ. ಅವನು ಬಿಟ್ಟ, ಬೇರೆಯವರು ಎತ್ತಲಿಲ್ಲ. ಜಗಳ ಮುಗಿಯುವಷ್ಟರಲ್ಲಿ ಆ ಗೂಡುಗಳಿಂದ ಚಿಟ್ಟೆಗಳು ಹೊರಟಿದ್ದವು.

"ಗೋಡೆ ಮೇಲೆ ಬರೆದ್ರೆ ಏನಾಯ್ತದೆ ಅಂತ ನಾನೇನ್ ಕನಸು ಕಂಡಿದ್ನಾ ಸಾರ್?" ಎಂದ ಪಾಷ.

"ಮನೆ ಬೀಗದ ಕೈ ಹೊಸಿಲ ಮೇಲಿಟ್ಟು ಹೋಗ್ತೀರಾ ಪಾಷಾ ಭಾಯ್?" ಎಂದು ಚಲಪತಿ ಕೇಳಿದ.

"ನಮ್ಮ ಮನೇಗೆ ಬೀಗಾನೇ ಇಲ್ವಲ್ಲ!"

ಎಲ್ಲರೂ ನಕ್ಕರು. ಚೌಡಮ್ಮ ನಗಲಿಲ್ಲ. ಬಾಗಿಲನ್ನು ಬಿಗಿ ಮಾಡಬೇಕೆಂದು ಮೇಲಿನಿಂದ ಆದೇಶ ಬಂತು.

ಹರಾಜು ಮುಗಿದು ಅಂಗಳ ಖಾಲಿಯಾದ ಒಂದು ಮಧ್ಯಾಹ್ನ ಚಲಪತಿ ಕೂತ. ಮೊದಲ ಕಿಟಕಿ ತೆರೆದ. ತಪ್ಪು ಎಣಿಸುವವನನ್ನು ಹೊಸದಾಗಿ ನಿಲ್ಲಿಸಿದ. ಹಳೆಯ ಸಾಲುಗಳನ್ನು ತೆಗೆದ. ಕೊನೆಯ 'ಇಲ್ಲ'ದವನನ್ನು ಇನ್ನೂ ಬಿಗಿಯಾಗಿ ನಿಲ್ಲಿಸಿದ. ಎರಡನೆಯ ಕಿಟಕಿಯಿಂದ ತನ್ನದೇ ಹೆಸರು ಹೇಳಿ ಬರಲು ನೋಡಿದ. ಇಲ್ಲ, ಎಂದೆ.

ಅವನು ಕಡತ ನೋಡಿ ಹಣೆ ಚಚ್ಚಿಕೊಂಡ. 'ಇಷ್ಟು ಸಾಕು' ಎಂದು ದಾಟಿಸುವವನನ್ನು ತೆಗೆದವನು ಮತ್ತೆ ನಿಲ್ಲಿಸುವುದನ್ನೇ ಮರೆತಿದ್ದ. "ಇರಪ್ಪ, ಒಂದು ಟೀ ಕುಡಿದು ಬಂದು ನಿನ್ನ ಸರಿ ಮಾಡ್ತೀನಿ" ಎಂದ. ಆತುರವೇನಿರಲಿಲ್ಲ. ಮರುದಿನ ಬೆಳಿಗ್ಗೆಯವರೆಗೆ ಯಾರೂ ಬರುವವರಿರಲಿಲ್ಲ. ಹೆಲ್ಮೆಟ್ಟು ನನ್ನ ಚೌಕಟ್ಟಿನ ಮೇಲೆಯೇ ಇತ್ತು.

ಬರಲಿಲ್ಲ.

ಬೆಳಿಗ್ಗೆ ಎಲ್ಲ ಕಟ್ಟೆಗಳಿಂದಲೂ ಬಾಗಿಲು ಬಡಿದರು. ಎಲ್ಲರಿಗೂ ಇಲ್ಲ ಎಂದೆ. ಗೋಡೆಯಾಚೆ ಗದ್ದಲವಾಯಿತು. ಮಾರುಕಟ್ಟೆಯ ಅಧಿಕಾರಿ ಹನುಮಂತರಾಯಪ್ಪ "ಚಲಪತಿ ಎಲ್ರಪ್ಪಾ?" ಎಂದು ಕೂಗಿದರು. ಆಮೇಲೆ ಗದ್ದಲ ಒಮ್ಮೆಗೇ ನಿಂತಿತು. ನನ್ನ ಕೋಣೆಯ ಬಾಗಿಲಲ್ಲಿ ಯಾರೋ ಇನ್ನಾರಿಗೋ ಹೇಳಿದರು: "ನಿನ್ನೆ ಟೀ ಅಂಗಡಿ ಬೆಂಚ್ ಮೇಲೆ ಕೂತಂಗೇ ಒರಗಿಬಿಟ್ಟವ್ನೆ. ಕೈಲಿದ್ದ ಗ್ಲಾಸೂ ಬಿದ್ದಿರಲಿಲ್ವಂತೆ."

ನನಗೆ ಅರ್ಥವಾಗಲಿಲ್ಲ. ನನ್ನ ಲೆಕ್ಕದಲ್ಲಿ ಅವನು ಎಲ್ಲೂ ಹೋಗಿರಲಿಲ್ಲ. ಹೊರಡುವವರು ಹೊರಟೆ ಎಂದು ಹೇಳಿ ಹೋಗಬೇಕು. ಅವನು ಹೇಳಿರಲಿಲ್ಲ.

ಅಂದಿನಿಂದ ಬಾಯಿ ಹರಾಜು ಶುರುವಾಯಿತು. ನಗರದಿಂದ ಪ್ರಮೋದ್ ಎಂಬ ತಂತ್ರಜ್ಞ ಬಂದು ಪರದೆ ನೋಡಿದ. "ಅರ್ಧ ಮಾಡಿಟ್ಟ ಕೆಲಸಕ್ಕೆ ನಾನು ಕೈ ಹಾಕಲ್ಲ ಸಾರ್. ಇನ್ನೇನೇನು ಬಿಚ್ಚಿಟ್ಟಿದ್ದಾರೋ. ಎಲ್ಲ ಅಳಿಸಿ ಹೊಸದಾಗಿ ಹಾಕೋಣ. ಅನುಮತಿ ತರಿಸಿ" ಎಂದು ಹೊರಟುಹೋದ. ಅನುಮತಿ ಮೇಲಿನಿಂದ ಬರಬೇಕಿತ್ತು. ಅದು ಬರುವ ದಾರಿ ಉದ್ದ.

ಕರ್ಮಾಂತರ ಮುಗಿದ ಮೇಲೆ ಸುಕನ್ಯಾ ಹೆಲ್ಮೆಟ್ಟು ತೆಗೆದುಕೊಂಡು ಹೋಗಲು ಬಂದಳು. ಮುಖದಲ್ಲಿ ಅಳುವಿನ ಗುರುತಿರಲಿಲ್ಲ. ಬೇರೆ ಯಾವ ಗುರುತೂ ಇರಲಿಲ್ಲ.

ಹನುಮಂತರಾಯಪ್ಪ ಹಿಂದೆ ನಿಂತು ಕೆಮ್ಮಿದರು. "ಅಮ್ಮಾ, ಕೇಳಬಾರದ ಹೊತ್ತಲ್ಲಿ ಕೇಳ್ತಾ ಇದೀನಿ. ನೀವೂ ಇದೇ ಓದಿದೋರಂತೆ. ಇದನ್ನ ಅಳಿಸದಂಗೆ ಸರಿ ಮಾಡೋಕೆ ಆಗುತ್ತಾ?"

ಅವಳು ಒಂದು ಗುಂಡಿ ಒತ್ತಿ ಕಪ್ಪಾಗಿದ್ದ ಪರದೆಯನ್ನು ಎಬ್ಬಿಸಿದಳು. ಕಡತ ತೆರೆದು ನೋಡಿದಳು. ಯಾವ ಸಾಲು ಬಿಟ್ಟುಹೋಗಿದೆ ಎನ್ನುವುದು ಅವಳಿಗೆ ಆಗಲೇ ತಿಳಿಯಿತು. ಬೆರಳು ಆ ಜಾಗದ ಮೇಲೆ ನಿಂತಿತ್ತು. ಆದರೆ ಬರೆಯಲಿಲ್ಲ. ಕಡತ ಮುಚ್ಚಿ ನನ್ನನ್ನು ಬೇರೊಂದು ಪ್ರಶ್ನೆ ಕೇಳಿದಳು. ಒಳಗೆ ಯಾರಿದ್ದಾರೆ?

ಚಲಪತಿ, ಎಂದು ತೋರಿಸಿದೆ. ಮೊದಲ ಕಿಟಕಿಯಲ್ಲಿ.

ಅವಳು ಬಹಳ ಹೊತ್ತು ಆ ಸಾಲನ್ನು ನೋಡಿದಳು.

"ಆಗುತ್ತೆ ಸಾರ್" ಎಂದಳು. "ನಾಳೆ ಬರ್ತೀನಿ."

ಬಂದಳು. ಮಾರನೆಯ ದಿನವೂ ಬಂದಳು. ಕಾಲೇಜು ಬಿಟ್ಟ ಮೇಲೆ, ಇಲ್ಲವೇ ಪಾಠದ ನಡುವಿನ ಬಿಡುವಿನಲ್ಲಿ. ಚಲಪತಿಯ ಕುರ್ಚಿಯಲ್ಲಿ ಕೂರುತ್ತಿದ್ದಳು. ಒಂದೇ ಪ್ರಶ್ನೆ ಕೇಳುತ್ತಿದ್ದಳು. ನಾನು ಒಂದೇ ಉತ್ತರ ಕೊಡುತ್ತಿದ್ದೆ. ಹೆಲ್ಮೆಟ್ಟು ಇದ್ದಲ್ಲೇ ಇತ್ತು. ಎರಡನೆಯ ಕಿಟಕಿಯಿಂದ ಬರಲಾದ ಕೂಡಲೇ ಮೊದಲನೆಯದನ್ನು ಮುಚ್ಚಬೇಕು. ಅದು ಅವನದೇ ನಿಯಮ, ಅವಳಿಗೂ ಗೊತ್ತಿತ್ತು. ಸರಿ ಮಾಡಿದರೆ ಅವನನ್ನು ಹೊರಗೆ ಕಳಿಸಬೇಕು. ಅದಕ್ಕೇ ಮಾಡಲಿಲ್ಲ. ಹನುಮಂತರಾಯಪ್ಪ ಬಾಗಿಲಿಗೆ ಬಂದು ಇಣುಕಿ ಹೋಗುತ್ತಿದ್ದರು.

ಒಂದು ದಿನ ಚೌಡಮ್ಮ ನೇರವಾಗಿ ಒಳಗೆ ನುಗ್ಗಿದಳು. ಸೆರಗಿನಲ್ಲಿ ಒಂದಷ್ಟು ಗೂಡುಗಳಿದ್ದವು.

"ಇದೇನಾ ಆ ಮಿಷನ್ನು? ಇದು ಮಲಗಿದ್ಮೇಲೆ ಹೊರಗೆ ಏನ್ ನಡೀತೈತೆ ಗೊತ್ತಾ? ನಾಕು ಜನ ಸೇರ್ಕೊಂಡು ಕಣ್ಣು ಹೊಡೀತಾರೆ, ದರ ಅಲ್ಲೇ ಕುಕ್ಕರಿಸ್ತೈತೆ. ಕೊಡಲ್ಲ ಅಂದ್ರೆ, ಇಟ್ಕೊ, ನಾಳೆ ಚಿಟ್ಟೆ ಹಾರಿಸ್ಕೊ ಅಂತಾರೆ!" ಕುರ್ಚಿಯಲ್ಲಿದ್ದವಳನ್ನು ಆಗ ನೋಡಿದಳು. ಯಾರೆಂದು ತಿಳಿಯಲಿಲ್ಲ. "ದಿನಾ ಬಂದು ಕೂತಿರ್ತಾಳೆ ಅಂದ್ರಲ್ಲ, ನೀನೇನವ್ವಾ? ಏನ್ ಮಾಡ್ತೀಯ ಕೂತ್ಕೊಂಡು?"

ಸುಕನ್ಯಾ ಅವಳ ಸೆರಗನ್ನು ನೋಡಿದಳು. "ಏನೂ ಮಾಡ್ತಿಲ್ಲಮ್ಮ" ಎಂದಳು.

ಚೌಡಮ್ಮ ಸೆರಗಿನೊಳಗೆ ಕೈಯಾಡಿಸಿದಳು. ಒಂದು ಗೂಡನ್ನು ಮೇಜಿನ ಮೇಲಿಟ್ಟು ಹೊರಟುಹೋದಳು. ಸುಕನ್ಯಾ ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಏನು ಕೇಳಿಸಿತೋ, ನನಗೆ ತಿಳಿಯದು.

ಅನುಮತಿ ಬಂತು. ಪ್ರಮೋದ್ ನನ್ನನ್ನು ಅಳಿಸುವ ಸಾಮಗ್ರಿಯನ್ನು ಚೀಲದಲ್ಲಿ ತಂದಿದ್ದ. ಅವತ್ತೇ, ಮಟಮಟ ಮಧ್ಯಾಹ್ನ, ಕರೆಂಟು ಹೋಯಿತು. ಮೊದಲೂ ಹೋಗುತ್ತಿತ್ತು, ಬೇಗ ಬರುತ್ತಿತ್ತು. ಈ ಸಲ ಲೈನು ಕಡಿದಿದೆ, ಸಂಜೆಯಾಗುತ್ತದೆ ಎಂದು ಸುದ್ದಿ ಬಂತು. ನನ್ನ ಕೆಳಗಿದ್ದ ಯುಪಿಎಸ್ ಕೂಗತೊಡಗಿತು. ಅದರ ಬ್ಯಾಟರಿ ನನ್ನಷ್ಟೇ ಹಳೆಯದು.

"ಬಿಡಿ ಮೇಡಂ, ಹೇಗೂ ಅಳಿಸೋದೇ" ಎಂದ ಪ್ರಮೋದ್. "ತಾನಾಗೇ ಆರಿಹೋಗಲಿ."

"ಆರಿಹೋದ್ರೆ ದಾಖಲೆಯಲ್ಲಿ ಹೇಗೆ ಬರುತ್ತೆ, ಗೊತ್ತಾ?" ಎಂದು ಅವಳು ಕೇಳಿದಳು.

ಅವನಿಗೆ ಗೊತ್ತಿತ್ತು. ನನ್ನ ಬಾಗಿಲಲ್ಲಿ ಬಂದವರ, ಹೋದವರ ದಾಖಲೆ ಇರುತ್ತದೆ. ಹೇಳಿ ಹೋದವರ ಮುಂದೆ ಹೋದ ಹೊತ್ತು ಬರೆಯುತ್ತೇನೆ. ಯಾರಾದರೂ ಒಳಗಿದ್ದಂತೆಯೇ ನಾನು ಆರಿಬಿಟ್ಟರೆ, ಅವರ ಹೆಸರಿನ ಮುಂದೆ ಹೊತ್ತು ಇರುವುದಿಲ್ಲ. ನಡುವೆ ಕಡಿದುಹೋಯಿತು ಎಂದಿರುತ್ತದೆ.

"ಅದೊಂದು ಸಾಲು ಮೇಡಂ..." ಎಂದು ಶುರು ಮಾಡಿದವನು ಅವಳ ಮುಖ ನೋಡಿ ಚೀಲವನ್ನು ಕೆಳಗಿಟ್ಟ.

ಅವಳು ಕಡತ ತೆರೆದಳು. ತೆರವಾಗಿದ್ದ ಜಾಗದಲ್ಲಿ ಆ ಒಂದು ಸಾಲನ್ನು ಬರೆದಳು. 'ಇಷ್ಟು ಸಾಕು, ಒಳಗೆ ಹೋಗು' ಎನ್ನುವವನು ಮತ್ತೆ ತನ್ನ ಜಾಗದಲ್ಲಿ ನಿಂತ. ಇಷ್ಟು ದಿನ ಎಲ್ಲರನ್ನೂ ಹೊರಗಿಟ್ಟಿದ್ದದ್ದು ಇಷ್ಟೇ.

"ಸಾರ್, ಬನ್ನಿ. ಯಜಮಾನನ ಪಾಸ್‌ವರ್ಡ್ ನಿಮ್ಮ ಕೈಯಿಂದಲೇ ಹೊಸದಾಗಿ ಹಾಕಿ. ನಾನು ನೋಡಲ್ಲ."

ಹನುಮಂತರಾಯಪ್ಪ ಒಂದೊಂದೇ ಅಕ್ಷರ ಹುಡುಕಿ ಒತ್ತಿದರು. ತೀರಾ ಸುಲಭದ್ದು ಎಂದು ತಳ್ಳಿಹಾಕಿದೆ. ಇನ್ನೊಂದು ಒತ್ತಿದರು. ಅದನ್ನೂ ತಳ್ಳಿದೆ.

"ಇದೇನಮ್ಮಾ, ಮನೆದೇವರ ಹೆಸರು ಹಾಕಿದ್ರೂ ಬೇಡ ಅಂತದೆ?"

"ದೇವರು ಎಲ್ಲರಿಗೂ ಗೊತ್ತಲ್ಲ ಸಾರ್. ಯಾರಿಗೂ ಗೊತ್ತಿಲ್ಲದ್ದು ಹಾಕಿ."

ಅವರು ಪ್ರಮೋದನ ಕಡೆ ಬೆನ್ನು ತಿರುಗಿಸಿ, ಯೋಚಿಸಿ, ಏನನ್ನೋ ಒತ್ತಿದರು. ಒಪ್ಪಿಕೊಂಡೆ. ಯುಪಿಎಸ್‌ನ ಕೂಗುಗಳ ನಡುವಿನ ಬಿಡುವು ಕಿರಿದಾಗುತ್ತಿತ್ತು.

ಇನ್ನು ಎರಡನೆಯ ಕಿಟಕಿ. ಹೊಸಬರಾಗಿ ಯಾರಾದರೂ ಬಂದು ತೋರಿಸಬೇಕು. ಅವಳು ತನ್ನ ಹೆಸರನ್ನು ಕೊಟ್ಟಳು, ಅವನು ಎಂದೋ ಸೇರಿಸಿದ್ದ ಹೆಸರು. ಪಾಸ್‌ವರ್ಡ್ ಒತ್ತಿದಳು. ತಪ್ಪು. ಎಣಿಸುವವನು ಒಂದು ಎಂದ. ಇನ್ನೊಮ್ಮೆ ಒತ್ತಿದಳು. ಎರಡು ಎಂದ.

ಅವಳ ಕೈ ಗುಂಡಿಗಳ ಮೇಲೆ ನಿಂತುಬಿಟ್ಟಿತು. ನನಗೆ ಹೇಳುವ ಆಸೆಯಿತ್ತು. ಆದರೆ ನನ್ನ ಬಳಿ ಇದ್ದದ್ದು ಹಿಟ್ಟು. ಮದುವೆಯ ಹೊಸದರಲ್ಲಿ ಇದೇ ಕುರ್ಚಿಯ ಪಕ್ಕ ನಿಂತು ಅವನು ಅವಳ ಕಿವಿಯಲ್ಲಿ ಹೇಳಿದ ಮಾತು ಅದು. ಅಷ್ಟು ಗೊತ್ತು. ಅವಳು ಕಣ್ಣು ಮುಚ್ಚಿದಳು. ತುಟಿ ಅಲುಗಿತು. ಬಾಯಿಗೆ ಸೆರಗು ಅಡ್ಡ ಹೋಯಿತು, ಅಂದಿನಂತೆಯೇ, ಆದರೆ ನಗುವಿಗಲ್ಲ. ಆಮೇಲೆ ನಿಧಾನವಾಗಿ ಒತ್ತಿದಳು.

ಇಷ್ಟು ಸಾಕು, ಒಳಗೆ ಹೋಗು.

ಒಳಗೆ ಬಂದವಳು ಮತ್ತೆ ಅದೇ ಪ್ರಶ್ನೆ ಕೇಳಿದಳು. ಒಳಗೆ ಯಾರಿದ್ದಾರೆ?

ಈ ಸಲ ಎರಡು ಸಾಲು ತೋರಿಸಿದೆ. ಚಲಪತಿ. ಅವನ ಕೆಳಗೆ ಸುಕನ್ಯಾ.

ಯುಪಿಎಸ್ ಬಿಡುವಿಲ್ಲದೆ ಕೂಗತೊಡಗಿತು. "ಮೇಡಂ, ಇನ್ನು ತಡೆಯಲ್ಲ ಅದು" ಎಂದ ಪ್ರಮೋದ್. ಅವಳು ಮೊದಲ ಕಿಟಕಿಗೆ ಹೋದಳು. ಅಲ್ಲಿಂದ ಹೊರಗೆ ಬರಲು ಎರಡು ಸಲ ಹೇಳಬೇಕು. ಮೊದಲ ಸಲ ಹೇಳಿದಳು. ಯಜಮಾನನ ಅಧಿಕಾರ ಕಳಚಿಬಿತ್ತು. ಅವನ ಹೆಸರಷ್ಟೇ ಉಳಿಯಿತು, ಅದರ ಪಕ್ಕದಲ್ಲಿ ಮಿನುಗುವ ಗೆರೆ.

"ಹೋಗಿ ಬನ್ನಿ" ಎಂದಳು. ಪ್ರಮೋದ್ ತನಗೇ ಹೇಳಿದಳೆಂದು ಬಾಗಿಲ ಹತ್ತಿರ ಸರಿದ.

ಎರಡನೆಯ ಸಲ ಹೇಳಿದಳು.

ಚಲಪತಿ ಹೊರಟ ಹೊತ್ತನ್ನು ಬರೆದುಕೊಂಡೆ. ಅವಳೂ ತನ್ನ ಕಿಟಕಿಯಿಂದ ಹೊರಟಳು. ಅದನ್ನೂ ಬರೆದುಕೊಂಡೆ. ಒಳಗೆ ಯಾರೂ ಉಳಿಯಲಿಲ್ಲ.

ಅವಳು ಕುರ್ಚಿಯಿಂದ ಏಳುವ ಮೊದಲೇ ಟ್ಯೂಬ್‌ಲೈಟು ಮಿಣುಕಿ ಹೊತ್ತಿತು. ಯುಪಿಎಸ್ ಬಾಯಿ ಮುಚ್ಚಿತು. ಸಂಜೆಗೆ ಬರುತ್ತದೆ ಎಂದ ಕರೆಂಟು ಆಗಲೇ ಬಂದುಬಿಟ್ಟಿತ್ತು. ಹೊರಗೆ ಅಂಗಳದಲ್ಲಿ ಜನ ಹೋ ಎಂದರು.

"ಅಯ್ಯೋ, ಬಂತಲ್ಲ ಮೇಡಂ" ಎಂದ ಪ್ರಮೋದ್.

ಅವಳು ಟ್ಯೂಬ್‌ಲೈಟನ್ನು ನೋಡಿದಳು. ಹೆಲ್ಮೆಟ್ಟು ತೆಗೆದುಕೊಂಡಳು. ಮೇಜಿನ ಮೇಲಿದ್ದ ಚೌಡಮ್ಮನ ಗೂಡನ್ನೂ ತೆಗೆದುಕೊಂಡಳು. ಮತ್ತೆ ಬರಲಿಲ್ಲ.

ಬಾಗಿಲು ಸರಿಹೋದದ್ದರಿಂದ ಪ್ರಮೋದ್ ನನ್ನನ್ನು ಅಳಿಸದೆ ಹಿಂದಿರುಗಿದ. ಮಾರನೆಯ ದಿನ ಕಟ್ಟೆಗಳು ತುಂಬಿದವು. ಪಾಷ ಎರಡು ಸಲ ತಪ್ಪು ಒತ್ತಿ, ಮೂರನೆಯದಕ್ಕೆ "ಬಿಸ್ಮಿಲ್ಲಾ" ಎಂದು ಒಳಗೆ ಬಂದ. ಚೌಡಮ್ಮನ ಗೂಡಿಗೆ ಯಾವ ದರ ಬಂತೆಂದು ನನಗೆ ನೆನಪಿದೆ. ಅದು ನಾನು ಕಾಯಬೇಕಾದ ಗುಟ್ಟು, ಹೇಳುವುದಿಲ್ಲ. ಅವಳು ಅಂದು ಯಾರನ್ನೂ ಬೈಯಲಿಲ್ಲ.

ಕೆಲವು ದಿನಗಳ ಮೇಲೆ ಹನುಮಂತರಾಯಪ್ಪ ನನ್ನ ಪಕ್ಕದಲ್ಲೇ ನಿಂತು ಸುಕನ್ಯಾಳಿಗೆ ಫೋನು ಮಾಡಿದರು. ಕೆಲಸದಲ್ಲಿಲ್ಲದವರ ಹೆಸರು ಇಡುವಂತಿಲ್ಲವಂತೆ, ಏನು ಮಾಡಲಿ ಎಂದು ಕೇಳಿದರು. ಆ ಕಡೆಯಿಂದ ಬಂದ ಉತ್ತರ ಚಿಕ್ಕದಿತ್ತು. "ನಿಯಮ ಏನಿದೆಯೋ ಹಾಗೇ ಮಾಡಿ ಸಾರ್" ಎಂದಳಂತೆ. ಚಲಪತಿ, ಸುಕನ್ಯಾ, ಎರಡು ಹೆಸರನ್ನೂ ಅಳಿಸಿದರು.

ಈಗ ಹರಾಜು ನನ್ನಿಂದ ನಡೆಯುವುದಿಲ್ಲ. ದೂರದಲ್ಲೆಲ್ಲೋ ಇರುವ ದೊಡ್ಡ ಯಂತ್ರವೊಂದು ಎಲ್ಲ ಊರುಗಳ ಬಾಗಿಲನ್ನೂ ಒಟ್ಟಿಗೆ ಕಾಯುತ್ತದಂತೆ. ನಾನು ಮಾರುಕಟ್ಟೆಯ ಹಿಂದಿನ ಉಗ್ರಾಣದಲ್ಲಿದ್ದೇನೆ. ಮೇಲೆ ಮುರಿದ ಜಾಲರಿಗಳನ್ನು ಪೇರಿಸಿದ್ದಾರೆ. ನನ್ನ ತಗಡಿನ ಸಂದಿಯಲ್ಲಿ ಒಂದು ಗೂಡು ಸಿಕ್ಕಿಕೊಂಡಿದೆ. ಅದರ ತುದಿಯಲ್ಲಿ ತೂತು. ಒಳಗಿದ್ದದ್ದು ಹೋಗಿ ಬಹಳ ಕಾಲವಾಯಿತು. ಗುಜರಿಯವನು ಬರುವ ಮೊದಲು ನನ್ನ ನೆನಪಿನ ತಟ್ಟೆಯನ್ನು ಸುತ್ತಿಗೆಯಲ್ಲಿ ಒಡೆಯುತ್ತಾರಂತೆ. ಅದು ಸರಿಯಾದ ಕ್ರಮ. ಒಡೆಯಲಿ.

ಹೆಸರುಗಳನ್ನು ಅಳಿಸಿದವರು ಬಂದುಹೋದವರ ದಾಖಲೆಯನ್ನು ಅಳಿಸಲಿಲ್ಲ. ಅದರಲ್ಲಿ ಚಲಪತಿ ಟೀ ಅಂಗಡಿಯ ಬೆಂಚಿನ ಮೇಲೆ ಹೋಗಿಲ್ಲ. ಅವನ ಸಾಲು ನಡುವೆ ಕಡಿದುಹೋಗಿಲ್ಲ. ಬಂದ ಹೊತ್ತು ಇದೆ, ಹೋದ ಹೊತ್ತು ಇದೆ. ಅವನು ಹೋಗುವ ಸ್ವಲ್ಪ ಮೊದಲು ಸುಕನ್ಯಾ ಒಳಗೆ ಬಂದದ್ದೂ ಇದೆ.

ಬಾವಿಗೆ ಇಳಿಯುವಾಗ ಮೇಲೆ ಒಬ್ಬ ಇರಬೇಕು ಎಂದು ಅವನು ಹೇಳಿದ್ದ. ಇದ್ದ. ಅವಳು ಹತ್ತಿ ಬರುವವರೆಗೆ ಹಗ್ಗ ಬಿಡಲಿಲ್ಲ.